ಬಂಡೀಪುರದ ದಾರಿಗೆ ಬೈಕಿನ ಬಂಡಿ

ಬೈಕಿನ ಹಿಂದೆ ಟ್ರೈಲರ್ ಕಟ್ಟುವ ಆಸೆ ಹುಟ್ಟಿದವರು ಮೊದಲು ಕೇಳುವುದು ಎಷ್ಟು ಸಾಮಾನು ಹಿಡಿಯುತ್ತದೆ ಎಂದು. ಆಮೇಲೆ ಎಷ್ಟು ಖರ್ಚಾಗುತ್ತದೆ ಎಂದು. ಗುಂಡ್ಲುಪೇಟೆ ದಾಟಿ ಊಟಿ ಕಡೆಗೋ ವಯನಾಡಿನ ಕಡೆಗೋ ಹೋಗುವವರು ಇವೆರಡನ್ನೂ ಪಕ್ಕಕ್ಕಿಟ್ಟು ಬೇರೊಂದು ಪ್ರಶ್ನೆ ಕೇಳಿಕೊಳ್ಳಬೇಕು. ಇದನ್ನು ಕಟ್ಟಿಕೊಂಡು ಹಿಂದಕ್ಕೆ ಸರಿಯಲು ಆಗುತ್ತದೆಯೇ? ಎಳೆದುಕೊಂಡು ಹೋಗುವುದಕ್ಕೇನು, ಎಂಜಿನ್ನು ಇದ್ದರೆ ಎಲ್ಲವೂ ಮುಂದಕ್ಕೆ ಹೋಗುತ್ತದೆ. ಬಂಡೀಪುರದ ರಸ್ತೆಯಲ್ಲಿ ಮಾತ್ರ ಎದುರಿಗೆ ನಿಂತವರು ಯಾರು ಎಂಬುದರ ಮೇಲೆ ಮುಂದಕ್ಕೋ ಹಿಂದಕ್ಕೋ ಎಂಬುದು ತೀರ್ಮಾನವಾಗುತ್ತದೆ.

ನನಗೆ ಈ ವಿಚಾರ ಗಂಟುಬಿದ್ದದ್ದು ಹೆಂಡತಿಯ ಗಿಡದ ಹುಚ್ಚಿನಿಂದ. ನಮ್ಮದು ಗುಂಡ್ಲುಪೇಟೆಯಿಂದ ತೆರಕಣಾಂಬಿ ಕಡೆಗೆ ಹೋಗುವ ದಾರಿಯಲ್ಲಿ ಚಿಕ್ಕ ಬಾಳೆ ತೋಟ. ಸಮಯ ಸಿಕ್ಕಾಗಲೆಲ್ಲ ಇಬ್ಬರೂ 411 ಸಿಸಿಯ ಹಿಮಾಲಯನ್ ಬೈಕು ಹತ್ತಿ ಬೆಟ್ಟದ ಕಡೆ ಹೊರಡುತ್ತೇವೆ. ಹೋಗುವಾಗ ಡೇರೆ, ಸ್ಟೌ, ಮಳೆ ಅಂಗಿ, ಪಾತ್ರೆ. ಬರುವಾಗ ಇವುಗಳ ಜೊತೆಗೆ ಕೂನೂರಿನ ನರ್ಸರಿಗಳ ಗಿಡ. ಬೈಕಿನ ಎರಡು ಪಕ್ಕದ ಪೆಟ್ಟಿಗೆಯೊಳಗೆ ಡೇರೆ ಮಡಿಸಿ ತುರುಕಬಹುದು, ಹೈಡ್ರೇಂಜಿಯಾವನ್ನು ತುರುಕಲಾಗುವುದಿಲ್ಲ. (ಅದು ಗುಂಡ್ಲುಪೇಟೆಯ ಏಪ್ರಿಲ್ ಬಿಸಿಲು ನೋಡಿ ಮುಖ ಬಾಡಿಸಿಕೊಳ್ಳುತ್ತದೆ, ಆ ಮಾತು ಬೇರೆ. ಮನೆಯಲ್ಲಿ ಆ ವಿಷಯ ಎತ್ತುವಂತಿಲ್ಲ.)

ಹಿಂದಿನ ಸೀಟಿನ ಜಾಗದಲ್ಲಿ ದೊಡ್ಡ ಪೆಟ್ಟಿಗೆ ಕೂರಿಸಬಹುದು. 2020ರಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಇದಕ್ಕೆ ಅಳತೆಯನ್ನೂ ಹೇಳಿತು: ಉದ್ದ 550 ಮಿಲಿಮೀಟರ್, ಅಗಲ 510, ಎತ್ತರ 500. ಆದರೆ ಹಿಂದೆ ಕೂರುವವರ ಜಾಗಕ್ಕೆ ಪೆಟ್ಟಿಗೆ ಬಂದರೆ ಹಿಂದೆ ಯಾರೂ ಕೂರುವಂತಿಲ್ಲ. ಈ ನಿಯಮವನ್ನು ಓದಿ ಹೇಳಿದಾಗ ಮನೆಯಾಕೆ, "ಹಂಗಾದ್ರೆ ಗಿಡ ಬೈಕಲ್ಲಿ ಬರುತ್ತೆ, ನಾನು ಬಸ್ಸಲ್ಲಿ ಬರ್ಲಾ?" ಎಂದಳು. ಟ್ರೈಲರ್ ವಿಚಾರ ಶುರುವಾದದ್ದು ಆ ಸಂಜೆಯಿಂದ.

ಚಿಕ್ಕಪ್ಪನ ಮಗನೊಬ್ಬ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿದ್ದಾನೆ. ಅಲ್ಲಿ ಬೈಕಿಗೆ ಟ್ರೈಲರ್ ಕಟ್ಟಿ ಊರೂರು ಸುತ್ತುವುದು ಹೊಸದೇನಲ್ಲ, ಅವನೂ ಕಟ್ಟಿಕೊಂಡೇ ಸುತ್ತುತ್ತಾನೆ. ಅಲ್ಲಿನ ರಸ್ತೆ ನಿಯಮ ಅವನ ಬಾಯಿಪಾಠ. ಬೈಕು 125 ಸಿಸಿಗಿಂತ ದೊಡ್ಡದಿರಬೇಕು. ಟ್ರೈಲರಿನ ಅಗಲ 1 ಮೀಟರ್ ಮೀರಬಾರದು. ಬೈಕಿನ ಹಿಂದಿನ ಆಕ್ಸಲ್‌ನಿಂದ ಟ್ರೈಲರಿನ ಕೊನೆಯವರೆಗೆ ಎರಡೂವರೆ ಮೀಟರಿನೊಳಗೆ ಇರಬೇಕು. ಸಾಮಾನು ಸೇರಿ ಟ್ರೈಲರಿನ ತೂಕ 150 ಕೆಜಿ ಅಥವಾ ಬೈಕಿನ ತೂಕದ ಮೂರರಲ್ಲಿ ಎರಡು ಪಾಲು, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು. ನಮ್ಮ ಹಿಮಾಲಯನ್ ಸುಮಾರು 199 ಕೆಜಿ. ಆ ಲೆಕ್ಕಕ್ಕೆ 132 ಕೆಜಿ ಎಳೆಯಬಹುದು. ಕೇಳಲು ಚೆಂದ. ಆದರೆ ಅಲ್ಲಿ ಟ್ರೈಲರ್ ಎಳೆಯುವ ಹೊಂಡಾ ಗೋಲ್ಡ್ ವಿಂಗ್‌ನಂಥ ಬೈಕುಗಳು 1833 ಸಿಸಿಯವು, ಆರು ಸಿಲಿಂಡರಿನವು, 350 ಕೆಜಿ ಮೀರಿದವು. ನಮ್ಮದು ಒಂದೇ ಸಿಲಿಂಡರ್, 24 ಬಿಎಚ್‌ಪಿ ಚಿಲ್ಲರೆ. ನನ್ನ ಮಿತಿಯನ್ನು ನಾನೇ ಹಾಕಿಕೊಂಡೆ: ಖಾಲಿ ಟ್ರೈಲರ್, ಸಾಮಾನು ಎರಡೂ ಸೇರಿ 70 ಕೆಜಿ, ಅದಕ್ಕಿಂತ ಒಂದು ತೆಂಗಿನಕಾಯಿಯೂ ಹೆಚ್ಚಿಗೆ ಬೇಡ.

ಇನ್ನೊಂದು ಮಾತನ್ನು ಅವನು ಹೇಳಿರಲಿಲ್ಲ, ನಾನೇ ಓದಿ ತಿಳಿದೆ. ಟ್ರೈಲರ್ ಎಳೆಯಲೆಂದೇ ಹುಟ್ಟಿದಂತೆ ಕಾಣುವ ಆ ಗೋಲ್ಡ್ ವಿಂಗ್‌ನ ಕೈಪಿಡಿಯಲ್ಲೇ ಟ್ರೈಲರ್ ಕಟ್ಟಬೇಡಿ ಎಂದು ಹೊಂಡಾ ಎಚ್ಚರಿಸುತ್ತದೆ. ಹಾರ್ಲೆ ಡೇವಿಡ್‌ಸನ್ ಕೈಪಿಡಿಯೂ ಅದನ್ನೇ ಹೇಳುತ್ತದೆ: ಟೈರಿನ ಮೇಲೆ ಭಾರ ಹೆಚ್ಚುತ್ತದೆ, ಬ್ರೇಕ್ ಬಲ ತಗ್ಗುತ್ತದೆ, ಬೈಕಿನ ಹಿಡಿತ ಕೆಡುತ್ತದೆ. ಅಲ್ಲಿನ ಸವಾರರು ಇದನ್ನು ಓದಿಯೂ ಎಳೆಯುತ್ತಾರೆ. ಕೈಪಿಡಿ ಓದಿಯೇ ಗಾಡಿ ಓಡಿಸುವುದಾದರೆ ನಮ್ಮ ತಾಲ್ಲೂಕಿನ ಟಿವಿಎಸ್ ಎಕ್ಸ್‌ಎಲ್‌ಗಳು ಮನೆಯಿಂದ ಹೊರಗೇ ಬರುವಂತಿರಲಿಲ್ಲ. ಮೂರು ಮೂಟೆ ತರಕಾರಿ, ಅದರ ಮೇಲೆ ಹುಲ್ಲಿನ ಹೊರೆ, ಹೊರೆಯ ಮೇಲೊಂದು ಮಗು, ಇದನ್ನೆಲ್ಲ ಹೊತ್ತು ಎಕ್ಸ್‌ಎಲ್ ಸಂತೆಗೆ ಹೋಗಿಬರುವುದನ್ನು ದಿನಾ ನೋಡುತ್ತೇವೆ. ಆದರೆ ಹೊರುವುದು ಬೇರೆ, ಎಳೆಯುವುದು ಬೇರೆ. ಹೊತ್ತ ಭಾರ ಗಾಡಿಯ ಜೊತೆ ವಾಲುತ್ತದೆ. ಎಳೆದ ಭಾರಕ್ಕೆ ಅದರದ್ದೇ ಬುದ್ಧಿ ಇರುತ್ತದೆ.

ಮೊದಲು ಕಾನೂನು. 1988ರ ಮೋಟಾರು ವಾಹನ ಕಾಯ್ದೆ ಬೈಕಿಗೆ ಜೋಡಿಸಿದ ಸೈಡ್‌ಕಾರನ್ನು ಬೈಕಿನ ಭಾಗವೆಂದೇ ಎಣಿಸುತ್ತದೆ. ಟ್ರೈಲರನ್ನು ಹಾಗೆ ಎಣಿಸುವುದಿಲ್ಲ. ಮೋಟಾರು ವಾಹನದ ಹಿಂದೆ ಎಳೆಯುವ ಟ್ರೈಲರ್ ತಾನೇ ಒಂದು ವಾಹನ, ಅದಕ್ಕೆ ತನ್ನದೇ ನೋಂದಣಿ ಬೇಕು. ಬೈಕಿನ ಚಾಸಿಗೆ ಕೊಂಡಿ ಬೆಸೆದು ಮೂಲ ರೂಪ ಬದಲಿಸಿದರೆ 52ನೇ ಸೆಕ್ಷನ್ ಎದ್ದು ನಿಲ್ಲುತ್ತದೆ. ನಂಜನಗೂಡು ರಸ್ತೆಯಲ್ಲಿ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದ ಡಬ್ಬಕ್ಕೆ ಹಿಂದೆ ಒಂದು ಕೆಂಪು ದೀಪ ಹಾಕಿ ಕೆಎ-10 ಎಂದು ಬರೆಸಿದರೆ ಅದು ನೋಂದಣಿ ಆಗುವುದಿಲ್ಲ. ಇದನ್ನು ಹೇಳುವುದು ಯಾಕೆಂದರೆ ಅಪಘಾತವಾದ ದಿನ ವಿಮೆಯವರು ಮೊದಲು ನೋಡುವುದೇ ಈ ಕಾಗದವನ್ನು. ಹಾಗಾಗಿ ನಾವು ಹೆದ್ದಾರಿಯ ಯೋಚನೆಯನ್ನು ಬದಿಗಿಟ್ಟು ಎಲ್ಲ ಪ್ರಯೋಗವನ್ನೂ ತೋಟದೊಳಗಿನ ಬಂಡಿದಾರಿಯಲ್ಲೇ ಮಾಡುವುದೆಂದು ನಿಶ್ಚಯಿಸಿದೆವು. ಟ್ರೈಲರ್ ನಮ್ಮ ಪರೀಕ್ಷೆ ಪಾಸಾದರೆ ನೋಂದಣಿಗೆ ಅಲೆಯೋಣ, ಇಲ್ಲದಿದ್ದರೆ ಬಾಳೆಗೊನೆ ಸಾಗಿಸಲಾದರೂ ಬಂತು.

ಟ್ರೈಲರ್ ಮಾಡಿಕೊಟ್ಟವರು ಟ್ರ್ಯಾಕ್ಟರ್ ಟ್ರೈಲರ್ ಕಟ್ಟುವ ವೆಲ್ಡರ್. ಕೈ ಗಟ್ಟಿ, ಮಾತು ಕಡಿಮೆ. ಮೊದಲ ಸಲ ನಕ್ಷೆ ತೋರಿಸಿದಾಗ ಬಹಳ ಹೊತ್ತು ನೋಡಿ, "ಸಾ, ಹೊಯ್ತದೆ. ನಿಲ್ಸಾದೆಂಗೆ ಅಂತ ನೀವೇ ನೋಡ್ಕಬೇಕು" ಎಂದರು. ಆ ಒಂದು ಮಾತಿನಲ್ಲಿ ಅರ್ಧ ಪಾಠ ಇತ್ತು.

ಎರಡು ಬಗೆಯವನ್ನು ನೋಡಿದೆವು. ಒಂದು ಎರಡು ಚಕ್ರದ್ದು, ಅಗಲ ಮುಕ್ಕಾಲು ಮೀಟರ್, ತಗಡಿನ ಮುಚ್ಚಳ. ಇನ್ನೊಂದು ಒಂದೇ ಚಕ್ರದ್ದು. ಇದರ ಮೂಲ ಮೈಸೂರಿನವರಿಗೆ ಹತ್ತಿರದ್ದೇ. 1961ರಿಂದ 1996ರವರೆಗೆ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಜಾವಾ, ಆಮೇಲೆ ಯೆಜ್ಡಿ ತಯಾರಾಗುತ್ತಿದ್ದವಲ್ಲ, ಆ ಜಾವಾದ ತವರು ಚೆಕೊಸ್ಲೊವಾಕಿಯಾ. ಅಲ್ಲಿ ಬೈಕಿನ ಹಿಂದೆ ಕಟ್ಟಲೆಂದೇ ಪಿಎವಿ 40 ಎಂಬ ಒಂಟಿ ಚಕ್ರದ ಟ್ರೈಲರ್ ಮಾಡುತ್ತಿದ್ದರು. ಗುಂಡಗಿನ ಲೋಹದ ಪೆಟ್ಟಿಗೆ, ಕೆಳಗೆ ಒಂದು ಚಿಕ್ಕ ಚಕ್ರ, ಮುಂದೆ ಅಕ್ಕಪಕ್ಕ ಮತ್ತು ಮೇಲೆಕೆಳಗೆ ಮಡಚುವ ಕೀಲು. ಜುಲೈ ತಿಂಗಳಲ್ಲಿ ಮೈಸೂರಿನ ಹಳೆಯ ಜಾವಾ ಸವಾರರು ಸೇರುವಲ್ಲಿ ಅದರ ಚಿತ್ರ ನೋಡಿದ್ದೆ. ನಮ್ಮ ವೆಲ್ಡರ್ ಅದನ್ನು ನೋಡಿ ಕೊಂಚ ಹೊತ್ತು ಯೋಚಿಸಿ, ಹಳೆಯ ಸ್ಕೂಟರಿನ ಹಿಂಭಾಗ ಬಳಸಿ ಅಂಥದ್ದೇ ಒಂದನ್ನು ಕಟ್ಟಿಕೊಟ್ಟರು.

ಎರಡು ಚಕ್ರದ ಟ್ರೈಲರ್ ನಿಲ್ಲಿಸಿದರೆ ತಾನೇ ನಿಲ್ಲುತ್ತದೆ, ಹೆಚ್ಚು ಹಿಡಿಯುತ್ತದೆ, ಬೈಕಿನ ಮೇಲೆ ಹೆಚ್ಚು ಭಾರ ಹಾಕುವುದಿಲ್ಲ. ಅದರ ದೋಷ ರಸ್ತೆಗಿಳಿದ ಮೇಲೆ ಗೊತ್ತಾಗುತ್ತದೆ. ಬೈಕಿಗೆ ಬೇಕಾದದ್ದು ಒಂದೇ ಹಾದಿ. ಗುಂಡಿ ಕಂಡರೆ ಒಂದು ಗೇಣು ಪಕ್ಕಕ್ಕೆ ಸರಿದು ಹೋಗುತ್ತೇವೆ, ಅದು ಯೋಚಿಸದೆ ಆಗುವ ಕೆಲಸ. ಈ ಟ್ರೈಲರ್ ಕಟ್ಟಿದ ಮೇಲೆ ಹಾದಿ ಮೂರಾಗುತ್ತದೆ: ನಡುವೆ ಬೈಕು, ಎಡಕ್ಕೊಂದು ಚಕ್ರ, ಬಲಕ್ಕೊಂದು ಚಕ್ರ. ಬೈಕು ತಪ್ಪಿಸಿದ ಗುಂಡಿಗೆ ಟ್ರೈಲರಿನ ಚಕ್ರ ಸರಿಯಾಗಿ ಗುರಿಯಿಟ್ಟು ಬೀಳುತ್ತದೆ. ಮಳೆಗಾಲ ಮುಗಿದ ಮೇಲಿನ ನಮ್ಮ ಊರೊಳಗಿನ ರಸ್ತೆಗಳಲ್ಲಿ ಇದು ಸಣ್ಣ ಮಾತಲ್ಲ. ಒಂಟಿ ಚಕ್ರದ್ದು ಬೈಕಿನ ಹೆಜ್ಜೆಯಲ್ಲೇ ಬರುತ್ತದೆ, ತಿರುವಿನಲ್ಲಿ ಬೈಕಿನ ಜೊತೆ ವಾಲುತ್ತದೆ. ಓಡಿಸುವ ಸುಖ ಕೇಳಿದರೆ ಅದಕ್ಕೇ ನನ್ನ ಓಟು.

ಹಿಂದಿನ ಕೊಂಡಿಯ ವಿಚಾರ ಸ್ವಲ್ಪ ವಿವರವಾಗಿ ಹೇಳಲೇಬೇಕು. ಟ್ರ್ಯಾಕ್ಟರ್ ವಾಲುವುದಿಲ್ಲ, ಕಾರೂ ವಾಲುವುದಿಲ್ಲ. ಬೈಕು ಮಾತ್ರ ವಾಲಿಯೇ ತಿರುಗಬೇಕು. ಎರಡು ಚಕ್ರದ ಟ್ರೈಲರ್ ನೆಲಕ್ಕೆ ಸಮನಾಗಿ ನಿಂತಿರುತ್ತದೆ, ಬೈಕು ಎಡಕ್ಕೆ ವಾಲುತ್ತದೆ, ನಡುವಿನ ಕೊಂಡಿ ಎರಡರ ಜಗಳಕ್ಕೆ ಸಿಕ್ಕಿ ತಿರುಚಿಕೊಳ್ಳುತ್ತದೆ. ಗುಂಡು ಕೊಂಡಿ ಸ್ವಲ್ಪ ದೂರ ಬಿಟ್ಟುಕೊಡುತ್ತದೆ, ಆಮೇಲೆ ಹಿಡಿಯುತ್ತದೆ. ಹಾಗಾಗಿ ಎಳೆಯುವ ಕೋಲಿನಲ್ಲೇ ಅದರ ಉದ್ದಕ್ಕೆ ಸುತ್ತುವ ಬೇರಿಂಗ್ ಜಾಯಿಂಟ್ ಬೇಕು. ಅದಿದ್ದರೆ ಬೈಕು ಪಕ್ಕಕ್ಕೆ ಬಿದ್ದರೂ ಟ್ರೈಲರ್ ಮಗುಚುವುದಿಲ್ಲ. ಅಂಗಡಿಯಲ್ಲಿ ಯಾರಾದರೂ ಬೈಕಿನ ಟ್ರೈಲರ್ ತೋರಿಸಿದರೆ ಬಣ್ಣ ನೋಡಬೇಡಿ. ಕೋಲನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ. ತಿರುಗದಿದ್ದರೆ ಎದ್ದು ಬನ್ನಿ.

ಮೂತಿಯ ಭಾರ ಎಂಬುದು ನಮ್ಮಪ್ಪನ ಕಾಲದವರಿಗೆ ಹೇಳಿಕೊಡಬೇಕಾದ ವಿದ್ಯೆಯಲ್ಲ. ಎತ್ತಿನ ಗಾಡಿಗೆ ಹಿಂದೆ ಹೆಚ್ಚು ಹೇರಿದರೆ ಮೂಕಿ ಮೇಲಕ್ಕೆದ್ದು ಎತ್ತಿನ ಕೊರಳ ಹಗ್ಗ ಬಿಗಿಯುತ್ತದೆ, ಮುಂದೆ ಹೆಚ್ಚಾದರೆ ನೊಗ ಹೆಗಲಿಗೆ ಒತ್ತುತ್ತದೆ. ಬೈಕಿನ ಟ್ರೈಲರಿಗೂ ಲೆಕ್ಕ ಅದೇ. ಒಟ್ಟು ತೂಕದ ಸುಮಾರು ಹತ್ತನೇ ಒಂದು ಪಾಲು ಕೊಂಡಿಯ ಮೇಲೆ ಕೂರಬೇಕು. 70 ಕೆಜಿಗೆ 7 ಕೆಜಿ. ಕಡಿಮೆಯಾದರೆ ಟ್ರೈಲರ್ ವೇಗದಲ್ಲಿ ಬಾಲ ಅಲ್ಲಾಡಿಸಲು ಶುರುಮಾಡುತ್ತದೆ, ಆ ಅಲ್ಲಾಟ ಬೈಕಿಗೆ ಬಂದರೆ ಬ್ರೇಕ್ ಹಿಡಿದಷ್ಟೂ ಹೆಚ್ಚಾಗುತ್ತದೆ. ತೂಗಲು ನಾವು ಬಳಸಿದ್ದು ಬಾಳೆಗೊನೆ ತೂಗುವ ಕೊಕ್ಕೆಯ ತಕ್ಕಡಿ. ಟ್ರೈಲರಿನ ಮೂತಿಯನ್ನು ಅದಕ್ಕೆ ನೇತುಹಾಕಿ, ಒಳಗಿನ ಕುಂಡಗಳನ್ನು ಒಂದೊಂದು ಅಂಗುಲ ಹಿಂದೆಮುಂದೆ ಸರಿಸಿ ನೋಡಿದೆವು. ಪಕ್ಕದ ತೋಟದವರು ಬೇಲಿಯಾಚೆ ನಿಂತು, "ಏನಣ್ಣ, ಮಾರಕ್ ಮಡಗಿದ್ದೀರಾ?" ಎಂದು ಕೇಳಿ ಹೋದರು.

ಒಂಟಿ ಚಕ್ರದ್ದರಲ್ಲಿ ಈ ಲೆಕ್ಕ ಬೇರೆ. ಅಲ್ಲಿ ಒಂದು ಕಾಲು ಚಕ್ರ, ಇನ್ನೊಂದು ಕಾಲು ಬೈಕೇ. 50 ಕೆಜಿಯ ಟ್ರೈಲರಿನಲ್ಲಿ 19 ಕೆಜಿ ಬೈಕಿನ ಬಾಲಕ್ಕೆ ಬಂತು. ಕೊಂಡಿ ಬೈಕಿನ ಹಿಂದಿನ ಆಕ್ಸಲ್‌ಗಿಂತ ಸುಮಾರು 60 ಸೆಂಟಿಮೀಟರ್ ಹಿಂದಿದೆ, ಬೈಕಿನ ಎರಡು ಚಕ್ರಗಳ ನಡುವಿನ ಅಂತರ 1465 ಮಿಲಿಮೀಟರ್. ಸನ್ನೆಗೋಲಿನ ಲೆಕ್ಕ ಹಾಕಿದರೆ ಮುಂದಿನ ಚಕ್ರದಿಂದ ಹತ್ತಿರ ಹತ್ತಿರ 8 ಕೆಜಿ ಕಿತ್ತುಕೊಂಡ ಹಾಗೆ. ಎರಡು ಚಕ್ರದ್ದರಲ್ಲಿ ಇದು 3 ಕೆಜಿ ಮಾತ್ರ. ಹಿಂದೆ ಹೆಂಡತಿ, ಪಕ್ಕದಲ್ಲಿ ತುಂಬಿದ ಪೆಟ್ಟಿಗೆಗಳು, ಎದುರಿಗೆ ಘಾಟಿಯ ಏರು ಎಂದುಕೊಳ್ಳಿ. ಹ್ಯಾಂಡಲ್ ಹಗುರವಾಗುವುದು ಕೈಗೆ ಗೊತ್ತಾಗುತ್ತದೆ.

ಬ್ರೇಕಿನ ಲೆಕ್ಕವನ್ನು ಕಾಗದದ ಮೇಲೆ ಹಾಕಿದ್ದು. ಬೈಕು, ಇಬ್ಬರು, ಪೆಟ್ಟಿಗೆ ಸೇರಿ 364 ಕೆಜಿ. ಟ್ರೈಲರಿಗೆ ಅದರದ್ದೇ ಬ್ರೇಕ್ ಇಲ್ಲ. ಆ 70 ಕೆಜಿಯನ್ನೂ ಬೈಕಿನ ಎರಡು ಚಕ್ರಗಳೇ ಹಿಡಿದು ನಿಲ್ಲಿಸಬೇಕು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ 24 ಮೀಟರಿನೊಳಗೆ ನಿಲ್ಲುತ್ತಿದ್ದ ಬೈಕು ಇನ್ನೂ ನಾಲ್ಕು ಮೀಟರಿನ ಮೇಲೆ ಮುಂದಕ್ಕೆ ಹೋಗುತ್ತದೆ. ಪೊದೆಯಿಂದ ಜಿಂಕೆ ಹಾರುವ ರಸ್ತೆಯಲ್ಲಿ ನಾಲ್ಕು ಮೀಟರ್ ಚಿಲ್ಲರೆಯಲ್ಲ.

ಚಕ್ರದ ಗಾತ್ರಕ್ಕೆ ಬಂದರೆ ನನ್ನ ಮಾತು ಸರಳ. ದಾರಿಯಲ್ಲಿ ಎಲ್ಲಿ ಕೆಟ್ಟರೂ ಸಿಗುವ ಚಕ್ರ ಹಾಕಿ. ಆಟೋರಿಕ್ಷಾದ 4.00-8 ಟೈರು, ಟ್ಯೂಬು, ಬೇರಿಂಗು ಗುಂಡ್ಲುಪೇಟೆಯಲ್ಲೂ ಸಿಗುತ್ತದೆ, ಗೂಡಲೂರಿನಲ್ಲೂ ಸಿಗುತ್ತದೆ, ಸುಲ್ತಾನ್ ಬತ್ತೇರಿಯಲ್ಲೂ ಸಿಗುತ್ತದೆ. ಆದರೆ ಚಿಕ್ಕ ಚಕ್ರ ಹೆಚ್ಚು ಸುತ್ತಬೇಕು. ಬೈಕಿನ ಹಿಂದಿನ ಚಕ್ರ ಎರಡು ಸುತ್ತು ಹಾಕುವಷ್ಟರಲ್ಲಿ ಇದು ಮೂರು ಹಾಕಿರುತ್ತದೆ. ದೂರ ಓಡಿದ ಮೇಲೆ ಬೇರಿಂಗಿನ ಮುಚ್ಚಳ ಮುಟ್ಟಿ ನೋಡಬೇಕು, ಕೈ ಇಡಲು ಆಗದಷ್ಟು ಬಿಸಿಯಾಗಿದ್ದರೆ ಗ್ರೀಸೋ ಬೇರಿಂಗೋ ಹೋಗಿದೆ ಎಂದು ಅರ್ಥ.

ಇನ್ನು ಕಾಡಿನ ರಸ್ತೆ. ಗುಂಡ್ಲುಪೇಟೆಯಲ್ಲಿ ದಾರಿ ಕವಲೊಡೆಯುತ್ತದೆ. ಒಂದು ಹಂಗಳ, ಮೇಲುಕಾಮನಹಳ್ಳಿ ದಾಟಿ ಬಂಡೀಪುರದ ಮೂಲಕ ಊಟಿಯ ಕಡೆಗೆ, 181ನೇ ರಾಷ್ಟ್ರೀಯ ಹೆದ್ದಾರಿ. ಇನ್ನೊಂದು ಮದ್ದೂರು, ಮೂಲೆಹೊಳೆ ಮೂಲಕ ಸುಲ್ತಾನ್ ಬತ್ತೇರಿಗೆ, 766. ಎರಡರಲ್ಲೂ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ನಮ್ಮಂಥವರ ಗಾಡಿಗಳ ಸಂಚಾರ ಇಲ್ಲ. ರಾತ್ರಿ ಗಾಡಿಗಳಿಗೆ ಸಿಕ್ಕಿ ಪ್ರಾಣಿಗಳು ಸಾಯುತ್ತಿದ್ದುದರಿಂದ 2009ರಲ್ಲಿ ಬಂದ ನಿರ್ಬಂಧ ಅದು, 2010ರಲ್ಲಿ ಹೈಕೋರ್ಟೂ ಎತ್ತಿಹಿಡಿಯಿತು. ಟ್ರೈಲರ್ ಕಟ್ಟಿದವರು ಇದನ್ನು ಗಡಿಯಾರದಲ್ಲಿ ಸೇರಿಸಿಕೊಳ್ಳಬೇಕು. ಊಟಿಯಿಂದ ಮಧ್ಯಾಹ್ನ ಮೂರಕ್ಕೆ ಹೊರಟರೆ ಸಾಕು ಎನ್ನುವವರು ಟ್ರೈಲರ್ ಇದ್ದರೆ ಊಟ ಮುಗಿದ ತಕ್ಷಣ ಹೊರಡಬೇಕಾಗುತ್ತದೆ. ಕಾಡಿನೊಳಗೆ ಸಾಲುಸಾಲು ಹಂಪುಗಳಿವೆ. ಬೈಕಿಗೆ ಒಂದು ಹಂಪು ಎಂದರೆ ಎರಡು ಏಟು, ಟ್ರೈಲರಿದ್ದರೆ ಮೂರು. ಮೂರನೆಯದು ಹಿಂದಿನಿಂದ ಬೆನ್ನಿಗೆ ಗುದ್ದುತ್ತದೆ.

ಕಾಡಿನಲ್ಲಿ ನಿಲ್ಲುವಂತಿಲ್ಲ, ಇಳಿಯುವಂತಿಲ್ಲ. ಟಾರ್ಪಾಲಿನ ಹಗ್ಗ ಸಡಿಲವಾಯಿತು, ಕಟ್ಟಿಬಿಡೋಣ ಎಂದರೆ ಆಗದು. ಕಟ್ಟುವುದೆಲ್ಲ ಮೇಲುಕಾಮನಹಳ್ಳಿಯ ಗೇಟಿಗೆ ಮೊದಲೇ ಮುಗಿಯಬೇಕು. ಮುಚ್ಚಳವಿಲ್ಲದ ಟ್ರೈಲರಂತೂ ಬೇಡವೇ ಬೇಡ. ಮಂಗಗಳ ಮಾತು ಹಾಗಿರಲಿ. ಚಾಮರಾಜನಗರದಿಂದ ಹಾಸನೂರು ಕಡೆಗೆ ಹೋಗುವ ರಸ್ತೆಯಲ್ಲಿ, ತಮಿಳುನಾಡಿನ ಗಡಿಯ ಕಾರೆಪಾಳ್ಯದ ಚೆಕ್‌ಪೋಸ್ಟ್ ಹತ್ತಿರ ಆನೆಗಳು ಕಬ್ಬಿನ ಲಾರಿಗೆ ಕಾದು ನಿಲ್ಲುವುದು ಈ ಕಡೆಯವರಿಗೆಲ್ಲ ಗೊತ್ತು. ಲಾರಿಗೆ ಅಡ್ಡ ನಿಂತು ಸೊಂಡಿಲು ಚಾಚಿ ಜಲ್ಲೆ ಎಳೆದುಕೊಳ್ಳುತ್ತವೆ. ಲಾರಿಯವನು ಒಳಗೆ ಕೂತು ನೋಡುತ್ತಿರಬಹುದು. ಬೈಕಿನವನು ಎಲ್ಲಿ ಕೂರುತ್ತಾನೆ? ನಮ್ಮ ಕಡೆಯ ಏಲಕ್ಕಿ ಬಾಳೆ ಟ್ರೈಲರಿನಲ್ಲಿದ್ದರೆ ಅದರ ವಾಸನೆ ನಮಗಿಂತ ಎಷ್ಟೋ ಮುಂದೆ ಹೋಗಿ ಸುದ್ದಿ ಮುಟ್ಟಿಸಿರುತ್ತದೆ. ತಿನ್ನುವ ಪದಾರ್ಥ ಯಾವುದೂ ಅದರೊಳಗೆ ಬೇಡ.

ಇದೆಲ್ಲ ಸೇರಿ ನಮ್ಮನ್ನು ಕೊನೆಯ ಪರೀಕ್ಷೆಗೆ ತಂದಿತು. ಅದನ್ನು ಯೋಚಿಸಿದ್ದು ಹೆಂಡತಿ. ಬಾಳೆ ಕಿತ್ತು ಖಾಲಿ ಬಿಟ್ಟಿದ್ದ ತುಂಡಿನಲ್ಲಿ ಸುಣ್ಣದ ಪುಡಿ ಹಾಕಿ 7 ಮೀಟರ್ ಅಗಲದ ಉದ್ದನೆಯ ರಸ್ತೆ ಎಳೆದಳು. ಎರಡು ಪಥದ ಹೆದ್ದಾರಿ ಅಷ್ಟೇ ಅಗಲ. ಗೆರೆಯ ಆಚೆ ಕಾಡು, ಚಕ್ರ ದಾಟುವಂತಿಲ್ಲ. ಮಣ್ಣು ಎಳೆದು ಎರಡು ಹಂಪು ಮಾಡಿಸಿದಳು. ನಾನು ಟ್ರೈಲರ್ ಕಟ್ಟಿಕೊಂಡು 30ರ ವೇಗದಲ್ಲಿ ಬರಬೇಕು, ಅವಳು ಮನಸ್ಸಿಗೆ ಬಂದ ಕಡೆ ಬಾಳೆಯ ಮರೆಯಿಂದ ಹೊರಬಂದು "ಆನೆ!" ಎಂದು ಕೂಗಬೇಕು. ನಾನು ನಿಲ್ಲಿಸಿ, ಬಂದ ದಾರಿಗೇ ತಿರುಗಿ ಹೋಗಬೇಕು. ಆನೆಯ ಪಾತ್ರ ಅವಳಿಗೆ ಬಹಳ ಹಿಡಿಸಿತು. ಕೂಗುವುದರ ಜೊತೆಗೆ ನನ್ನ ಕಡೆಗೆ ಓಡಿಯೂ ಬರುತ್ತಿದ್ದಳು.

ಬರಿ ಬೈಕಾದರೆ ಕಾಲಲ್ಲಿ ಒದ್ದು ಹಿಂದಕ್ಕೆ ತಳ್ಳಿ, ಹ್ಯಾಂಡಲ್ ತಿರುಗಿಸಿ, ಅವಳು ಹತ್ತಿರ ಬರುವ ಮೊದಲೇ ಹೊರಟುಬಿಡುತ್ತಿದ್ದೆ. ಎರಡು ಚಕ್ರದ ಟ್ರೈಲರ್ ಕಟ್ಟಿದಾಗ ಹಿಂದಕ್ಕೆ ತಳ್ಳಿದ್ದೇ ತಡ, ಅದು ಪಕ್ಕಕ್ಕೆ ಮಡಚಿಕೊಂಡು ಬೈಕಿನ ಪೆಟ್ಟಿಗೆಗೆ ಒತ್ತಿತು. ಮುಂದಕ್ಕೇ ಅರ್ಧ ಸುತ್ತು ಹೊಡೆದು ತಿರುಗಲು 7 ಮೀಟರ್ ಸಾಕಾಗುತ್ತಿತ್ತು ನಿಜ, ಆದರೆ ಹಾಗೆ ತಿರುಗುವಾಗ ಮೊದಲು ಆನೆಯ ಕಡೆಗೇ ಒಂದಿಷ್ಟು ಹೋಗಬೇಕು. ಒಂಟಿ ಚಕ್ರದ್ದು ಹಿಂದಕ್ಕೆ ಸರಿಯುವಾಗ ಮಡಚಿಕೊಂಡದ್ದಷ್ಟೇ ಅಲ್ಲ, ಬೈಕನ್ನೂ ತನ್ನ ಕಡೆಗೆ ವಾಲಿಸಿಕೊಂಡಿತು. ವೆಲ್ಡರ್ ಆಮೇಲೆ ಒಂದು ಉಪಾಯ ಮಾಡಿದರು. ಕೊಂಡಿಗೆ ಸೀಟಿನ ಹತ್ತಿರ ಕೈಗೆಟಕುವ ತಂತಿ ಕಟ್ಟಿ, ಎಳೆದರೆ ಪಿನ್ನು ಜಾರಿ ಟ್ರೈಲರ್ ಕಳಚಿಕೊಳ್ಳುವಂತೆ. ನಿಂತಾಗ ಕಳಚಿತು. ಆದರೆ ಸುಲಭವಾಗಿ ಕಳಚುವ ಪಿನ್ನು ಹಂಪಿನ ಮೇಲೂ ಕಳಚಬಹುದಲ್ಲ ಎಂಬುದು ಅವರಿಗೇ ಹೊಳೆಯಿತು. ಅದಕ್ಕೆಂದು ಸುರಕ್ಷತೆಯ ಸರಪಳಿ ಹಾಕಿದರೆ ತಂತಿ ಎಳೆದು ಪ್ರಯೋಜನವಿಲ್ಲ. ಸರಪಳಿ ಇಲ್ಲದೆ ಟ್ರೈಲರ್ ಎಳೆಯುವುದು ಹಿಂದೆ ಬರುವವರ ಪ್ರಾಣದ ಜೊತೆ ಆಟ. ಅಲ್ಲಿಗೆ ವಿಚಾರ ನಿಂತಿತು.

ಕಲ್ಲಟ್ಟಿ ಘಾಟಿಯ ಬಗ್ಗೆ ಕೇಳುವವರಿದ್ದಾರೆ. ಮಸಿನಗುಡಿಯಿಂದ ಊಟಿಗೆ ಹತ್ತಿರದ ದಾರಿ, 36 ಹೇರ್‌ಪಿನ್ ತಿರುವು. ಟ್ರೈಲರ್ ಅಲ್ಲಿಗೆ ಅಲ್ಲವೇ ಅಲ್ಲ. ಕ್ಲಚ್ ಪ್ಲೇಟ್ ಸುಟ್ಟ ವಾಸನೆ ತಿರುವಿನಿಂದ ತಿರುವಿಗೆ ಜೊತೆಗೇ ಬರುತ್ತದೆ. ಗೂಡಲೂರು, ನಡುವಟ್ಟಂ, ಪೈಕಾರದ ದಾರಿ ಸುತ್ತಾದರೂ ಮರ್ಯಾದೆಯದ್ದು. 2024ರ ಮೇ ತಿಂಗಳಿಂದ ನೀಲಗಿರಿಗೆ ಹೋಗಲು ಇ-ಪಾಸ್ ಬೇರೆ ಬೇಕು. ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕಂತೂ ಖಾಸಗಿ ಗಾಡಿಯೇ ಹತ್ತುವಂತಿಲ್ಲ, ಬುಡದಲ್ಲಿ ನಿಲ್ಲಿಸಿ ಸಾರಿಗೆ ಬಸ್ಸಿನಲ್ಲಿ ಹೋಗಬೇಕು. ಅಲ್ಲಿ ಟ್ರೈಲರ್ ಬಿಟ್ಟುಹೋಗುವುದಾದರೆ ಮುಚ್ಚಳಕ್ಕೂ ಬೀಗ, ಕೊಂಡಿಗೂ ಬೀಗ.

ಬಯಲುಸೀಮೆಯಲ್ಲಿ, ಚಿತ್ರದುರ್ಗದ ಕಡೆಯೋ ವಿಜಯಪುರದ ಕಡೆಯೋ ನಾಲ್ಕು ಪಥದ ರಸ್ತೆಯಲ್ಲಿ ಸುತ್ತುವವರು, ನೋಂದಣಿಯಾದ ಟ್ರೈಲರ್ ದೊರೆತರೆ, ಎರಡು ಚಕ್ರದ್ದನ್ನೇ ತೆಗೆದುಕೊಳ್ಳಲಿ ಎನ್ನುತ್ತೇನೆ. ಕಿರಿದಾಗಿರಲಿ, ಬೈಕಿನ ಹ್ಯಾಂಡಲಿಗಿಂತ ಅಗಲ ಬೇಡ. ಆಗ ಬೈಕು ನುಸುಳಿದಲ್ಲಿ ಟ್ರೈಲರೂ ನುಸುಳುತ್ತದೆ ಎಂಬ ಧೈರ್ಯವಿರುತ್ತದೆ. ಖಾಲಿ ತೂಕ 30 ಕೆಜಿಯ ಹತ್ತಿರ ಇರಲಿ. ನಮ್ಮ ವೆಲ್ಡರ್ ಟ್ರ್ಯಾಕ್ಟರಿನ ಅಭ್ಯಾಸದಲ್ಲಿ ದಪ್ಪ ಆ್ಯಂಗಲ್ ಹಾಕಿದ್ದರಿಂದ ಖಾಲಿ ಡಬ್ಬವೇ 48 ಕೆಜಿ ಆಗಿತ್ತು, ಗಿಡಕ್ಕೆ ಉಳಿದದ್ದು 22. ದೀಪಗಳಿಗೆ ಬೈಕಿನ ವೈರನ್ನು ನೇರ ಕಚ್ಚಿಸಬೇಡಿ, ರಿಲೇ ಹಾಕಿಸಿ. ಎಲ್‌ಇಡಿ ದೀಪವಾದರೂ ಇಂಡಿಕೇಟರ್ ತಾಳ ತಪ್ಪಬಹುದು, ಎಲೆಕ್ಟ್ರಿಷಿಯನ್ ಹತ್ತಿರ ಮೊದಲೇ ಹೇಳಿ ಫ್ಲ್ಯಾಷರ್ ಬದಲಿಸಿಕೊಳ್ಳಿ. ಹಿಂದೆ ಕೆಂಪು ರಿಫ್ಲೆಕ್ಟರ್ ಎರಡೂ ಮೂಲೆಯಲ್ಲಿ ಬೇಕು. ಬೈಕಿನ ಹಿಂದೆ ಇಂಥದ್ದೊಂದು ಇರುತ್ತದೆ ಎಂದು ನಮ್ಮ ರಸ್ತೆಯಲ್ಲಿ ಯಾರ ಕಣ್ಣಿಗೂ ಅಭ್ಯಾಸವಿಲ್ಲ. ಬೈಕು ದಾಟಿತು ಎಂದು ನಡುವೆ ನುಗ್ಗುವ ಸ್ಕೂಟರಿನವರು ಇದ್ದೇ ಇರುತ್ತಾರೆ.

ನಮ್ಮ ಎರಡು ಚಕ್ರದ್ದು ಈಗ ತೋಟದಲ್ಲಿದೆ. ಕಟಾವಿನ ದಿನ ಬಂಡಿದಾರಿಯಲ್ಲಿ ಗೊನೆ ಸಾಗಿಸುತ್ತದೆ, ಅಲ್ಲಿ 15ರ ವೇಗ ಮೀರಬೇಕಾಗಿಲ್ಲ, ಮೂತಿಯ ಭಾರ ತಪ್ಪಿದರೆ ಕೂಡಲೇ ಇಳಿದು ಸರಿಸಬಹುದು. ಒಂಟಿ ಚಕ್ರದ್ದನ್ನು ಮೈಸೂರಿನ ಹಳೆಯ ಯೆಜ್ಡಿ ಸವಾರರೊಬ್ಬರು ಪ್ರದರ್ಶನಕ್ಕೆ ಇಡುತ್ತೇನೆಂದು ತೆಗೆದುಕೊಂಡು ಹೋದರು.

ಗಿಡಗಳ ಸಮಸ್ಯೆಗೆ ಪರಿಹಾರ ಹೆಂಡತಿಯೇ ಕಂಡುಕೊಂಡಳು. ಪರವಾನಗಿ ಮಾಡಿಸಿಕೊಂಡು, ಹಳೆಯದೊಂದು 150 ಸಿಸಿ ಬೈಕು ಕೊಂಡು, ಅದರ ಹಿಂದಿನ ಸೀಟಿನ ಮೇಲೆ ಕಾನೂನಿನ ಅಳತೆಯ ಪೆಟ್ಟಿಗೆ ಕೂರಿಸಿಕೊಂಡಳು. ಹಿಂದೆ ಯಾರೂ ಇಲ್ಲ, ಆದ್ದರಿಂದ ತಕರಾರೂ ಇಲ್ಲ. ನನ್ನ ಬೈಕಿನ ಹಿಂದಿನ ಸೀಟೂ ಖಾಲಿಯಾದದ್ದರಿಂದ ಅಲ್ಲೂ ಒಂದು ಪೆಟ್ಟಿಗೆ ಬಂತು. ಡೇರೆ, ಸ್ಟೌ, ಪಂಕ್ಚರ್ ಸಾಮಾನು ನನ್ನ ಕಡೆ. ಕುಂಡ, ಕತ್ತರಿ, ತೆಂಗಿನ ನಾರು ಅವಳ ಕಡೆ. ಕಾಡಿನೊಳಗೆ ಅವಳು ಮುಂದೆ, ನಾನು ಹಿಂದೆ, ನಡುವೆ ಬೈಕು ತಿರುಗಿಸುವಷ್ಟು ಜಾಗ ಬಿಟ್ಟುಕೊಂಡು ಹೋಗುತ್ತೇವೆ. ಮುಂದಿನವಳು ಎಡಗೈ ಮೇಲೆತ್ತಿದರೆ ನಾನು ನಿಂತು, ಹಿಂದೆ ಬರುವ ಗಾಡಿಗಳಿಗೆ ಹಜಾರ್ಡ್ ದೀಪ ಹಾಕಿ, ಮೊದಲು ತಿರುಗಿಕೊಳ್ಳುವುದು ನನ್ನ ಕೆಲಸ.